ಸುಳಿ

ನೆತ್ತಿಯ ಮೇಲೊಂದು ನಾಣ್ಯದಗಲ ಬೋಳು,
ನಡುವೆ ಹುಣಸೆಬೀಜದಷ್ಟು ಗಂಟು.
"ಇದನ್ನು ಮುಚ್ಚಿಬಿಡು ನೆರೇಡಾ,
ಅಮ್ಮನ ಕಣ್ಣಿಗೆ ಬೀಳಬಾರದು"
ಅಂದ ಯಾದಿಯೆಲ್. ಹದಿನಾರು ವರ್ಷ, ಇಲ್ಲದ ಮೀಸೆ.

ಬ್ರಾಂಕ್ಸಿನ ಈ ಅಂಗಡಿಯಲ್ಲಿ
ಮೂವತ್ತು ವರ್ಷದಿಂದ ತಲೆಗಳನ್ನು ಮೇಲಿನಿಂದ ನೋಡುತ್ತಿದ್ದೇನೆ.
ಸುಳಿ ಹುಟ್ಟುತ್ತಲೇ ಬರುತ್ತದೆ.
ಎರಡಿದ್ದರೆ ಎರಡು ಮದುವೆ, ಅನ್ನುತ್ತಾರೆ ಮುದುಕಿಯರು.
ಇದು ಹಾಗಲ್ಲ, ದುಡಿದು ಸಂಪಾದಿಸಿದ ಸುಳಿ.
ಕಾಲು ಆಕಾಶಕ್ಕೆ, ತಲೆ ನೆಲಕ್ಕೆ,
ಬುಗುರಿಯ ಮೊಳೆಯಂತೆ ದಿನಕ್ಕೆ ನೂರು ಸುತ್ತು
ತಿರುಗಿದರೆ ಕೂದಲು ಎಷ್ಟು ದಿನ ಇದ್ದೀತು?

ಅವನ ಬೆರಳು ಹಿಡಿದು ನನ್ನ ನೆತ್ತಿಗೆ ಮುಟ್ಟಿಸಿದೆ.
ಕೂದಲು ಮತ್ತೆ ಬಂತು, ಗಂಟು ಕರಗಲಿಲ್ಲ.
"ನೀನೂನಾ?"
ನಾನೂ. ಫ್ರಿಜ್ ಬಂದ ರಟ್ಟಿನ ಡಬ್ಬ ಬಿಚ್ಚಿ
ಫುಟ್‌ಪಾತಿಗೆ ಹಾಸಿ, ಅಣ್ಣಂದಿರ ನಡುವೆ ಒಬ್ಬಳೇ.
ರಟ್ಟು ಜಾರಿದಾಗ ಕೆಳಗೆ ಬರೀ ಕಾಂಕ್ರೀಟು.

ಕನ್ನಡಿ ಹತ್ತಿರದಿಂದ ನೋಡಲು
ಅಂಗೈ ಊರಿ ಎದ್ದವನು
ತುಟಿ ಕಚ್ಚಿ ಮತ್ತೆ ಕೂತ.
ಹೆಬ್ಬೆರಳ ಬುಡದ ಗುಳಿಯಲ್ಲಿ ಮೆಲ್ಲಗೆ ಒತ್ತಿದೆ.
ಕಣ್ಣಲ್ಲಿ ನೀರು ಬಂತು, ಬಾಯಲ್ಲಿ
"ಏನಿಲ್ಲ, ಸ್ವಲ್ಪ ಉಳುಕಿದೆ."

ಆ ಮಾತು ನನ್ನದೇ.
ಇದೇ ಬೀದಿಯಲ್ಲಿ ಐದು ತಿಂಗಳು ಆಡಿದ್ದೆ.
ಎಣ್ಣೆ ತಿಕ್ಕಿ, ಪಟ್ಟಿ ಸುತ್ತಿ,
ಮತ್ತೆ ಅದೇ ಕೈ ಊರಿ.

ಅಲ್ಲೊಂದು ಮೂಳೆ ಇದೆ, ಗೋಡಂಬಿಯಷ್ಟು.
ಡಾಕ್ಟರುಗಳ ಭಾಷೆಯಲ್ಲಿ ದೋಣಿಯಂತೆ.
ಅದಕ್ಕೆ ರಕ್ತ ಹರಿಯುವುದೇ ಕಮ್ಮಿ,
ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ.
ಮುರಿದರೆ ಸದ್ದಿಲ್ಲ, ಬಾವೂ ಅಷ್ಟಿಲ್ಲ,
ಮೊದಲ ವಾರ ಎಕ್ಸ್‌ರೇಗೂ ಸಿಗದೆ ಹೋಗಬಹುದು.
ದಡ ಸೇರಿತು ಅಂದುಕೊಂಡಿರುತ್ತೇವೆ,
ಅದು ಒಳಗೇ ಎರಡು ಹೋಳಾಗಿ ಒಣಗುತ್ತಿರುತ್ತದೆ.

ನನ್ನ ಬಲಗೈ ಈಗ
ಬಾಟಲಿಯ ಮುಚ್ಚಳ ತಿರುಗಿಸಲಾರದು,
ಒದ್ದೆ ಬಟ್ಟೆ ಹಿಂಡಲಾರದು.
ಎಡಗೈಯಲ್ಲಿ ಕತ್ತರಿ! ಎಂಥ ಕಲೆ! ಅನ್ನುತ್ತಾರೆ ಗಿರಾಕಿಗಳು.
ಕಲೆ ಹೌದು,
ಗಾಯ ಬಿಟ್ಟುಹೋದದ್ದು.

ಕತ್ತರಿ ಕೆಳಗಿಟ್ಟೆ.
ಬಲಗಡೆ ನೀಟಾಗಿತ್ತು, ಎಡಗಡೆ ಇನ್ನೂ ಕಾಡು.
"ಕೈ ತೋರಿಸಿಕೊಂಡು ಬಾ. ಉಳಿದರ್ಧ ಆಮೇಲೆ."
"ಸಂಜೆ ಪಂದ್ಯ ಇದೆ!"
"ಗೊತ್ತು."
ನಮ್ಮ ದ್ವೀಪದ ಬೈಗುಳವೊಂದನ್ನು ಬೈದ,
ಇಲ್ಲೇ ಹುಟ್ಟಿದವನ ಬಾಯಲ್ಲಿ ಅಷ್ಟು ಶುದ್ಧವಾಗಿ
ನಾನು ಕೇಳಿರಲಿಲ್ಲ.
ಅವನು ಎದ್ದ ರಭಸಕ್ಕೆ ಕುರ್ಚಿ
ಮೂರು ಸುತ್ತು ತಿರುಗಿ ನಿಂತಿತು.

ಹೋದದ್ದು ಆಸ್ಪತ್ರೆಗಲ್ಲ.
ಅರ್ಧ ತಲೆಯಲ್ಲೇ ಕುಣಿದ, ಎರಡನೇ ಬಹುಮಾನ ಗೆದ್ದ.
ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಇಬ್ಬರು ಹುಡುಗರು:
"ಯಾದಿಯೆಲ್‌ಗೆ ಮಾಡಿದ್ದೇ ನಮಗೂ."

ಗುರುವಾರ ಬಂದ.
ಮೊಣಕೈಯಿಂದ ಹೆಬ್ಬೆರಳವರೆಗೆ ಹಸಿರು ಪ್ಲಾಸ್ಟರು,
ಹಿಂದೆ ಅಮ್ಮ, ನರ್ಸಿಂಗ್ ಹೋಮಿನ ಯೂನಿಫಾರ್ಮಿನಲ್ಲೇ.
ಮುಚ್ಚಲು ಇನ್ನೇನೂ ಉಳಿದಿರಲಿಲ್ಲ.
ಉಳಿದರ್ಧ ಕತ್ತರಿಸಿದೆ. ಯಾರೂ ಮಾತಾಡಲಿಲ್ಲ.
ಆಮೇಲೆ ಅವಳು ಬಂದು
ಆ ಗಂಟಿನ ಮೇಲೆ ಬೆರಳಿಟ್ಟು ನನಗೆ ಹೇಳಿದಳು,
"ಹುಟ್ಟಿದಾಗ ಇಲ್ಲೇ ಮೆತ್ತಗಿತ್ತು.
ಒಳಗಿನ ಮಿಡಿತ ಕಾಣುತ್ತಿತ್ತು.
ಟೋಪಿ ಹಾಕಲೂ ಹೆದರುತ್ತಿದ್ದೆ."

ಹುಡುಗ ಕನ್ನಡಿಯಲ್ಲಿ
ನನ್ನನ್ನೂ ನೋಡಲಿಲ್ಲ, ಅವಳನ್ನೂ.
ಕುರ್ಚಿಯ ಕೆಳಗೆ ಅವನ ಹಿಮ್ಮಡಿ
ತಾಳ ಹಾಕುತ್ತಲೇ ಇತ್ತು.