ಎರಡನೇ ಸಹಿ

ಮೊದಲ ಸಹಿ ನಿರುಪಮಾಳದು.
ನೀಲಿ ಶಾಯಿ, ಉದ್ದ ಬಾಲ, ಕೊನೆಗೊಂದು ಚುಕ್ಕೆ.
ಅದರ ಕೆಳಗಿನ ಖಾಲಿ ಗೆರೆ ನನ್ನದು.
ಬರೆದವರೇ ತಿದ್ದುವಂತಿಲ್ಲ ಎಂಬುದು ನಿಯಮ,
ಆಕೆ ನನಗಿಂತ ಜಾಣೆ ಎಂಬುದು ನಿಜ.
ಎರಡಕ್ಕೂ ಜಗಳವಿಲ್ಲ.

ಯರಮರಸಿನ ಬಯಲಿಗೆ ಮುಗಿಲಿನಿಂದ ಇಳಿಯುವ ದಾರಿ
ಹಾಳೆಯ ಮೇಲೊಂದು ಸಣಕಲು ಬಾಣ.
ಇಲ್ಲಿ ತಿರುಗು, ಇಷ್ಟು ಇಳಿ, ಇಲ್ಲಿಗೆ ಬಂದಾಗ ನೋಡು:
ನೆಲದ ದೀಪ ಕಂಡರೆ ಮುಂದೆ,
ಕಾಣದಿದ್ದರೆ ಮತ್ತೆ ಮೇಲೆ.
ಅನುಮಾನಕ್ಕೆಂದೇ ಜಾಗ ಬಿಡುವ ಕಸುಬು ನಮ್ಮದು.
ಆ ಜಾಗಕ್ಕೂ ಅಳತೆಯುಂಟು:
ದಾರಿಯ ಕೆಳಗೆ ಎಲ್ಲಕ್ಕಿಂತ ಎತ್ತರ ನಿಂತದ್ದರ ನೆತ್ತಿಯಿಂದ
ಎಪ್ಪತ್ತೈದು ಮೀಟರು.
ಬೇವಾಗಲಿ, ಮಿನಾರಾಗಲಿ, ಮೊಬೈಲ್ ಟವರಾಗಲಿ,
ಯಾರದೆಂದು ಕೇಳುವುದಿಲ್ಲ, ಎಷ್ಟೆಂದು ಮಾತ್ರ.

ಪಟ್ಟಿಯ ನಲವತ್ತೊಂದನೆಯ ಸಾಲು:
ಅಕ್ಕಿ ಮಿಲ್ಲಿನ ಚಿಮಣಿ, ಮೂವತ್ತೊಂದು ಪಾಯಿಂಟ್ ಎರಡು.
ರಾಯಚೂರಿನಲ್ಲಿ ರೈಲಿಳಿದು ಆಟೋದಲ್ಲಿ ಬರುವಾಗ
ಕಂಡಿತು ಅದೇ ಚಿಮಣಿ.
ಮೈಯೆಲ್ಲ ತುಕ್ಕು, ತುದಿಯಲ್ಲೊಂದು ತುಂಡು ಮಾತ್ರ
ಹೊಸ ತಗಡಿನ ಥಳಥಳ,
ಹಳೇ ಅಂಗಿಯ ಹುಡುಗನಿಗೆ ಹಬ್ಬದ ಟೋಪಿ ಇಟ್ಟಂತೆ.
ಕಣ್ಣಳತೆ ನಂಬಬೇಡಿ ಎಂದು ಹೊಸಬರಿಗೆ ಪಾಠ ಹೇಳುವವಳು ನಾನು.
ಆ ದಿನ ಕಣ್ಣೇ ಮೊದಲು ಅಳೆದಿತ್ತು.

ಮಿಸ್ತ್ರಿ ತಾಯಣ್ಣ ಟವೆಲಿನಿಂದ ಕುರ್ಚಿ ಒರೆಸಿದ.
ಒರೆಸಿದ ಮೇಲೆ ಇನ್ನೊಂದು ಪದರ ಬೂದಿ ಕೂತಿತು.
“ನಾವೇನ್ ಮುಗಲಿಗೆ ಮೊಳಿ ಹೊಡದೀವೇನ್ರಿ ಮೇಡಮ್ಮಾರ?
ಬಾಜೂಕ ಅಂಗನವಾಡಿ ಐತಿ.
ಹುಡುಗರ ತಾಟಿನ್ಯಾಗ ಬೂದಿ ಬೀಳ್ತಿತ್ತು.
ಹನ್ನೊಂದು ಫೂಟ್ ಏರಸ್ರಿ ಅಂತ ಸರಕಾರದ್ದ ನೋಟೀಸ್ ಬಂತು,
ಏರಿಸಿದಿವಿ. ತೋರಸ್ಲೇನು, ನೋಟೀಸ್?”
ತೋರಿಸಿದ. ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ,
ಮೂಲೆಯಲ್ಲಿ ಗುಂಡನೆ ಮೊಹರು.

ಭತ್ತ ಒಣಗಿಸುವ ಕಣದಲ್ಲಿ ಅಳತೆಯ ಯಂತ್ರ ನಿಲ್ಲಿಸಿದೆ.
ನಲವತ್ತೆರಡು ಡಿಗ್ರಿ, ಚಿಮಣಿಯೇ ಬಿಸಿಲಿಗೆ ನಡುಗುತ್ತಿತ್ತು.
ಮೂರು ಸಲ ಗುರಿಯಿಟ್ಟೆ.
ಮೂವತ್ತನಾಲ್ಕೂವರೆ.

ಯಾರೂ ಸುಳ್ಳು ಹೇಳಿರಲಿಲ್ಲ.
ನಿರುಪಮಾ ಅಳೆಸಿದ್ದು ದೀಪಾವಳಿಗೆ ಮುಂಚೆ,
ಚಿಮಣಿ ಬೆಳೆದದ್ದು ಸಂಕ್ರಾಂತಿಯ ಹೊತ್ತಿಗೆ.
ಒಂದು ಕಚೇರಿ ಎತ್ತರಿಸು ಎಂದಿತ್ತು,
ಇನ್ನೊಂದು ಎತ್ತರ ಎಷ್ಟು ಎಂದಿತ್ತು,
ನಡುವೆ ಒಂದು ಕಾಗದ ಹಾಕಬೇಕೆಂದು
ಯಾವ ಪುಸ್ತಕವೂ ಯಾರಿಗೂ ಹೇಳಿರಲಿಲ್ಲ.

“ಮತ್ತ ಇಳಸಬೇಕೇನ್ರಿ?” ತಾಯಣ್ಣನ ದನಿ ಸಣ್ಣದಾಯಿತು.
ಗೋಡೆಯಾಚೆ ತಾಟು ಬಡಿಯುವ ಸದ್ದು,
ಯಾರಿಗೋ ಮೊಟ್ಟೆ ಸಿಕ್ಕಿಲ್ಲ, ಅಳುತ್ತಿತ್ತು ಕೂಸು.
ಬೇಡ, ದಾರಿಯನ್ನೇ ಏರಿಸುತ್ತೇವೆ ಎಂದೆ.
ಅವನು ತಲೆಯೆತ್ತಿ ನೋಡಿದ,
ಅಲ್ಲಿ ಏಣಿ ಹಾಕುವವರು ಯಾರೆಂಬಂತೆ.

ರಾತ್ರಿ ಲಾಡ್ಜಿನಲ್ಲಿ ಲೆಕ್ಕ:
ಮುನ್ನೂರ ಐವತ್ತು ಅಡಿ ಇದ್ದದ್ದು ಮುನ್ನೂರ ಅರವತ್ತು.
ಅಳೆದೂ ಸುರಿದೂ ಹತ್ತು ಅಡಿ.
ನಿರುಪಮಾಗೆ ಫೋನು ಮಾಡಿದೆ.
“ಒಳ್ಳೇದಾಯ್ತು” ಎನ್ನುವ ಮುಂಚೆ
ಆಕೆ ಸುಮ್ಮನಿದ್ದದ್ದು ಎಷ್ಟು ಹೊತ್ತೋ
ಅದನ್ನು ಮಾತ್ರ ನಾನು ಅಳೆಯಲಿಲ್ಲ.
ಎರಡು ದಿನಕ್ಕೆ ಹೊಸ ಹಾಳೆ ಬಂತು, ಹೊಸ ಚುಕ್ಕೆ.

ಈ ಹತ್ತಡಿ ಯಾರಿಗೂ ಕಾಣುವುದಿಲ್ಲ.
ಯಾವುದೋ ಮಾಗಿಯ ಬೆಳಗು
ಹೊಟ್ಟಿನ ಹೊಗೆಗೆ ಮಂಜು ಬೆರೆತು,
ದೀಪ ಕಾಣದೆ ವಿಮಾನವೊಂದು ಮತ್ತೆ ಮೇಲೇರಬಹುದು.
ಹತ್ತಡಿ ಕೆಳಗಿದ್ದರೆ ಕಾಣುತ್ತಿತ್ತೇನೋ.
ಹೋದ ಪುಟ್ಟ ಬಂದ ಪುಟ್ಟ ಎಂದು
ಕಿಟಕಿ ಪಕ್ಕದವನು ಗೊಣಗಬಹುದು,
ತಂಗಿಯ ಮುಹೂರ್ತ ತಪ್ಪಿದ್ದಕ್ಕೆ
ಸಿಕ್ಕಸಿಕ್ಕವರನ್ನು ಬಯ್ಯಬಹುದು.
ಬಯ್ಯಲಿ.
ಬಯ್ಯಲು ಇರುತ್ತಾನಲ್ಲ.

ಸಹಿ ಹಾಕಿದೆ. ಕೆಳಗೆ ದಿನಾಂಕ,
ಅದರ ಕೆಳಗೆ ಮತ್ತೆ ಅಳೆಯಬೇಕಾದ ದಿನಾಂಕ.
ಅಷ್ಟರೊಳಗೆ ಮಿಲ್ಲಿನ ಹಿಂದಿನ ಬೇವು ಎಲ್ಲಿಗೆ ಮುಟ್ಟಿರುತ್ತದೋ.
ಚೀಲದಿಂದ ಉದುರಿದ್ದೇ ಇರಬೇಕು,
ಇಳಿಯುವ ಬಾಣದ ಮೇಲೊಂದು ಬೂದಿಯ ಕಣ.
ಊದಿದೆ.
ಹೋಗಲಿಲ್ಲ.