ಅಂದು ಶನಿವಾರ

ಎಂಟು ಡಾಲರು. ಅಷ್ಟೇ ನನ್ನ ತಕ್ಕಡಿಯ ಬೆಲೆ.
ಗಾಡಿ ಹತ್ತಿಸಿ, ಇಳಿದು,
ಒಂದು ಸಿಗರೇಟು ಸೇದುವಷ್ಟು ಹೊತ್ತು ನಿಂತರೆ
ಚೀಟಿ ಕೈಗೆ ಬರುತ್ತದೆ.
ಫೇರ್ಲಿಯಿಂದಾಚೆ, ಕಲ್ಲುಗಣಿಯ ಬಾಗಿಲಲ್ಲಿ,
ಇಪ್ಪತ್ತೆರಡು ವರ್ಷ ಇದೇ ಕಿಟಕಿ.
ಜಲ್ಲಿ ತೂಗಿದ್ದೇನೆ, ಮರಳು, ಉಣ್ಣೆಯ ಮೂಟೆ,
ಒಮ್ಮೆ ಒಂದು ಸತ್ತ ಗೂಳಿಯನ್ನೂ.
ತಕ್ಕಡಿಗೆ ದಾಕ್ಷಿಣ್ಯ ಗೊತ್ತಿಲ್ಲ.
ನನಗೆ ಗೊತ್ತು.

ಲೆಸ್ಟರ್ ಪೆಥಿಕ್ ಸೌದೆ ಮಾರುವವ.
ಗಾಳಿಗೆ ಬಿದ್ದ ಮ್ಯಾಕ್ರೊಕಾರ್ಪಾ, ಇನ್ನೂ ಹಸಿ,
ಕೊಯ್ದು, ಸೀಳಿ, ಅಂಚು ಮೀರಿ ಪೇರಿಸಿ
ಏಪ್ರಿಲ್ ತುಂಬ ಈ ದಾರಿಯಲ್ಲೇ ಓಡಾಟ.
ಟ್ರೇಲರಿನ ಟೈರುಗಳು ಹೊಟ್ಟೆ ಬಿಟ್ಟಿರುತ್ತಿದ್ದವು.
ಪಿಕಪ್ಪಿನ ಬೆನ್ನು ಕುಸಿದು
ಮುಂದಿನ ದೀಪಗಳು ಹಗಲಲ್ಲೇ ನಕ್ಷತ್ರ ಹುಡುಕುತ್ತಿದ್ದವು.
ಅವನು ಸ್ಟೀರಿಂಗಿನಿಂದ ಒಂದು ಬೆರಳು ಎತ್ತುತ್ತಿದ್ದ.
ಈ ಕಡೆಯ ನಮಸ್ಕಾರ ಅದೇ.
ನಾನೂ ಒಂದು ಬೆರಳು ಎತ್ತುತ್ತಿದ್ದೆ.

ಟ್ರೇಲರಿನ ಮೂತಿಯ ಬಳಿ, ಬೆಂಕಿಪೊಟ್ಟಣದಷ್ಟು ತಗಡು:
ಹೊರೆ ಸೇರಿ ಸಾವಿರದ ಇನ್ನೂರು ಕಿಲೋ.
ಅದರ ಮೇಲೆ ಎರಡು ಸಲ ಹಸಿರು ಬಣ್ಣ ಬಳಿದಿದ್ದ,
ತುಕ್ಕು ಹಿಡಿಯದಿರಲೆಂದು.

ಕಿಂಬಲ್ ಇಳಿಜಾರಿನಲ್ಲಿ ಮೊದಲು ಬೆರಳಗಲ ಓಲಾಡಿತಂತೆ,
ಆಮೇಲೆ ಗೇಣು,
ಆಮೇಲೆ ರಸ್ತೆಯಗಲ.
ಬ್ರೇಕು ಒತ್ತಬಾರದಿತ್ತು. ಯಾರು ತಾನೇ ಒತ್ತುವುದಿಲ್ಲ?
ಕೊಂಡಿ ಗುಂಡಿನಿಂದ ನೆಗೆಯಿತು.
ಸರಪಳಿ ಇತ್ತು, ನಾಯಿ ಕಟ್ಟುವಂಥದ್ದು.
ಕನ್ನಡಿಯಲ್ಲಿದ್ದದ್ದು ಬಲಗಡೆ ಕಿಟಕಿಗೆ ಬಂತು,
ಕಿಟಕಿಯಿಂದ ಮುಂದಿನ ಗಾಜಿಗೆ.
ತನ್ನದೇ ಹೊರೆ ತನ್ನನ್ನು ಹಿಂದೆ ಹಾಕಿ ಹೋಗುವುದನ್ನು
ಲೆಸ್ಟರ್ ನೋಡಿದ.
ಆತುರವೇ ಇರಲಿಲ್ಲವಂತೆ ಅದಕ್ಕೆ,
ದಾರಿ ಗೊತ್ತಿದ್ದ ಹಸುವಿನ ಹಾಗೆ.

ತಿರುವಿನಲ್ಲಿ ಶಾಲೆ ಬಸ್ಸಿನ ತಂಗುದಾಣ.
ಹಲಗೆಯ ಮೇಲೆ ಮೊಳೆಯಲ್ಲಿ ಕೆತ್ತಿದ ಹೆಸರುಗಳು,
ಟಾಮಾತಿ, ಬ್ರಿಯೋನಿ, ಮತ್ತೊಂದು ಅರ್ಧ ಹೆಸರು.
ಮೂಲೆಯಲ್ಲಿ ಯಾರೋ ಮರೆತ ಕೆಂಪು ಗಂಬೂಟು, ಎಡಗಾಲಿನದು.
ಹಲಗೆ ಸೌದೆಯಾಯಿತು, ಸೌದೆಯಲ್ಲಿ ಸೌದೆ.
ಬೇರೆ ಯಾರೂ ಇರಲಿಲ್ಲ.

ಪೊಲೀಸರು ಕ್ರೇನಿನಲ್ಲಿ ನನ್ನಲ್ಲಿಗೇ ತಂದರು,
ಚೆಲ್ಲಿದ್ದನ್ನೆಲ್ಲ ಮತ್ತೆ ತುಂಬಿ.
ಸಾವಿರದ ಒಂಬೈನೂರ ಮೂವತ್ತು.
ಎಂಟು ಡಾಲರು ಕೊಟ್ಟರು. ರಸೀದಿ ಬರೆದೆ.

ಟಿಮರೂ ಕೋರ್ಟಿನಲ್ಲಿ ಲೆಸ್ಟರ್ ಕೋಟು ಹಾಕಿದ್ದ.
"ರಾತ್ರಿಯೆಲ್ಲ ಮಳೆ, ಸ್ವಾಮಿ. ಮರ ನೀರು ಕುಡಿದಿತ್ತು.
ಮಳೆಯ ತೂಕಕ್ಕೆ ನಾನು ಹೇಗೆ ಹೊಣೆ?"
ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟರು.
"ಶುಕ್ರವಾರವಾಗಿದ್ದರೆ?" ಅಂದರು.
ಅವನು ಬಾಯಿ ತೆರೆದ. ತೆರೆದೇ ಇತ್ತು.
ಲೈಸೆನ್ಸು ಹೋಯಿತು, ದಂಡ ಬಿತ್ತು.
ವಿಮೆಯವರ ಪತ್ರ ಮೂರೇ ಸಾಲು:
ತಗಡಿನ ಮೇಲಿನ ಅಂಕಿಯನ್ನು ಮೀರಿದವರು ನಮ್ಮವರಲ್ಲ.
ತಂಗುದಾಣ, ಬೇಲಿ, ಮಗುಚಿದ ಪಿಕಪ್ಪು,
ಎಲ್ಲಕ್ಕೂ ಸೇರಿ ದೋಣಿ ಮಾರಿದ.
ಸಾಕ್ಷಿಕಟ್ಟೆಯಲ್ಲಿ ನನ್ನನ್ನು ಅಂಕಿ ಕೇಳಿದರು, ಹೇಳಿದೆ.
ಎಷ್ಟು ಸಲ ಬೆರಳು ಎತ್ತಿದ್ದೆ ಎಂದು
ಯಾರೂ ಕೇಳಲಿಲ್ಲ.

ಸೌದೆ ನನ್ನ ಅಂಗಳದಲ್ಲೇ ಉಳಿಯಿತು. ಯಾರೂ ಬರಲಿಲ್ಲ.
ಒಂದು ಬೇಸಿಗೆಯ ವಾಯವ್ಯ ಗಾಳಿಗೆ
ತೊಗಟೆ ಸುಲಿದು, ತುದಿ ಬಿರಿದು,
ತಟ್ಟಿದರೆ ಠಣ್ ಎನ್ನುವಷ್ಟು ಒಣಗಿತು.
ಮಾರ್ಚಿನ ಒಂದು ಭಾನುವಾರ, ಒಬ್ಬಂಟಿ,
ಅದೇ ಸೊಟ್ಟ ಟ್ರೇಲರಿಗೆ ಒಂದೊಂದೇ ತುಂಡು ಪೇರಿಸಿ
ತಕ್ಕಡಿಗೆ ಏರಿಸಿದೆ.
ಮಳೆಯೇ ತಪ್ಪಿತಸ್ಥ ಆಗಲೆಂದು,
ನಿಜ ಹೇಳುತ್ತೇನೆ, ಬೇಡಿಕೊಂಡೆ.

ಸಾವಿರದ ಮುನ್ನೂರ ಹದಿನೆಂಟು.

ಚೀಟಿ ಮೇಜಿನ ಡ್ರಾಯರಿನಲ್ಲಿದೆ. ಲೆಸ್ಟರ್‌ಗೆ ಕಳಿಸಿಲ್ಲ.

ನಿನ್ನೆ ಒಬ್ಬ ಹುಡುಗ, ಹೊಸ ದೋಣಿ ಎಳೆದುಕೊಂಡು,
ದೋಣಿಯೊಳಗೆ ಪೆಟ್ರೋಲಿನ ಡಬ್ಬಗಳು, ಐಸುಪೆಟ್ಟಿಗೆ, ಎರಡು ಸೈಕಲ್ಲು.
ಟೈರುಗಳು ಹೊಟ್ಟೆ ಬಿಟ್ಟಿದ್ದವು.
ಒಂದು ಬೆರಳು ಎತ್ತಿದ.
ನಾನು ಕಿಟಕಿಯಿಂದ ಅರ್ಧ ಹೊರಬಂದು
ಇಡೀ ಅಂಗೈ ಎತ್ತಿದೆ, ನಿಲ್ಲು ಎಂದು.

ಖುಷಿಯಾಗಿರಬೇಕು ಅವನಿಗೆ.
ಅವನೂ ಇಡೀ ಅಂಗೈ ಬೀಸಿ
ಇಳಿಜಾರಿನ ಕಡೆ ಹೋದ.