ಅಂದಾಜು

ಮೂವತ್ತೊಂದು ವರ್ಷ ಕರೆಂಟ್ ಮೀಟರ್ ಓದಿದವನು ನಾನು.
ಇನಾಲದ ಯಾವ ಬೀದಿಯ ಯಾವ ಡಬ್ಬಿಯಲ್ಲಿ
ಯಾರು ಕೂತಿರುತ್ತಾರೆಂದು ಬಾಯಿಪಾಠ.
ಮುಚ್ಚಳ ಎತ್ತುವ ಮೊದಲು ಪೆನ್ಸಿಲಿನಿಂದ ಎರಡು ಸಲ ತಟ್ಟಬೇಕು,
ಒಳಗಿನವರಿಗೂ ಮರ್ಯಾದೆ ಇರುತ್ತದೆ.

ಹೆಸರು ಮಾತ್ರ ಕೇಳಿರಲಿಲ್ಲ.
ಕಚ್ಚುವುದು, ಕಚ್ಚದ್ದು:
ನನ್ನ ಶಾಸ್ತ್ರ ಅಲ್ಲಿಗೇ ಮುಗಿಯಿತು.

ಈಗ ನಿವೃತ್ತಿ. ಎಡಗಣ್ಣಿಗೆ ಪೊರೆ.
ಬೇಲಿಯ ಮುರಿದ ಹಲಗೆಯಲ್ಲಿ ನುಸುಳಿ ಬರುತ್ತಾಳೆ
ಪಕ್ಕದ ಸಮೋವಾದವರ ಮಗಳು ಸೆಫೀನಾ, ಒಂಬತ್ತು ವರ್ಷ,
ಕೊರಳಲ್ಲಿ ಭೂತಗನ್ನಡಿ.
"ಮಿಸ್ಟರ್ ಪಾಸ್ಕೋ, ಕಚ್ಚದ್ದು ಅನ್ನುವುದು ಹೆಸರಲ್ಲ.
ಇದು ಹಂಟ್ಸ್‌ಮನ್. ಕಾಲು ನೋಡಿ, ಏಡಿಯ ಹಾಗೆ ಪಕ್ಕಕ್ಕೆ.
ಕಣ್ಣು ಎರಡು ಸಾಲು, ನಾಲ್ಕು ನಾಲ್ಕು."
ಕಾರಿನ ಬಿಸಿಲುತಡೆಯ ಹಿಂದೆ ಅಂಗೈಯಗಲ ಚಪ್ಪಟೆಯಾಗಿ
ಅದು ನಮ್ಮಿಬ್ಬರನ್ನು ಎಣಿಸುತ್ತಿತ್ತು.

ಹಳೆಯ ರೀಡಿಂಗ್ ಪುಸ್ತಕದಲ್ಲಿ ಹಾಳೆ ಉಳಿದಿದ್ದವು.
ವಿಳಾಸ: ನಿಂಬೆಗಿಡದಿಂದ ಬಟ್ಟೆಯ ತಂತಿಯವರೆಗೆ.
ಗ್ರಾಹಕರು: ಗೋಲ್ಡನ್ ಆರ್ಬ್ ವೀವರ್, ಹೆಣ್ಣು,
ಬೆಳ್ಳಿ ಬೆನ್ನು, ಕಪ್ಪು ಕಾಲಿಗೆ ಹಳದಿ ಬಳೆ.
ಹಿಂದಿನ ರೀಡಿಂಗ್ ಮೂವತ್ತೆರಡು ಮಿಲಿಮೀಟರ್,
ಈಗಿನದು ಮೂವತ್ತೊಂಬತ್ತು.
ಬಳಕೆ: ಒಂದು ಸಿಕಾಡಾ, ಮೂರು ಜೇನು,
ಏನೆಂದು ಹೇಳಲಾಗದ ಒಂದು ರೆಕ್ಕೆ.
ಬಲೆಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಏನೋ,
ಕಸ ಅಂದೆ ನಾನು.
"ಗಂಡ," ಅಂದಳು. "ಬರೆಯಿರಿ ಅವನನ್ನೂ."

ತಿರುಗುವ ತಂತಿಯನ್ನು ತಿರುಗದಂತೆ ಇಟ್ಟಿಗೆಗೆ ಕಟ್ಟಿದೆ.
ಮಾರ್ಚ್ ಪೂರ್ತಿ ನನ್ನ ಅಂಗಿಗಳು ಅರ್ಧ ತಂತಿಯಲ್ಲೇ ಒಣಗಿದವು.
ಪೊರೆಗಣ್ಣಿಗೆ ಜೇಡ ಕಾಣದು, ಬಲೆ ಕಾಣುತ್ತದೆ:
ಏಳೂವರೆಗೆ, ಬಿಸಿಲು ತಗಡಿನ ಸೂರು ದಾಟುವಾಗ,
ಒಂದು ನಿಮಿಷ,
ಗ್ಲಾಸಿನ ತಳದ ಬಿಯರಿನ ಬಣ್ಣ.
ಇಷ್ಟು ವರ್ಷ ಇದನ್ನು ಕೋಲಿಂದ ಸರಿಸಿ
ಅಂಕಿ ಓದಿದೆನಲ್ಲ.

ಮೇ ತಿಂಗಳ ಗಾಳಿಗೆ ಒಂದು ಬೆಳಿಗ್ಗೆ
ಬಲೆ ಹರಿದು ಎಲೆಗೆ ಸುತ್ತಿಕೊಂಡಿತ್ತು. ಅವಳಿಲ್ಲ.
ಎಲೆಯೆಲೆಯ ಅಡಿಯಲ್ಲೂ ಕನ್ನಡಿ ಹಿಡಿದಳು ಸೆಫೀನಾ.
"ಸೊನ್ನೆ ಬರೆಯಲಾ?"
ಬೇಡ. ಗೇಟಿಗೆ ಬೀಗವಿದ್ದರೆ, ನಾಯಿ ಬಿಟ್ಟಿದ್ದರೆ,
ನಾವು ಸೊನ್ನೆ ಬರೆಯುತ್ತಿರಲಿಲ್ಲ ಮಗು.
ಅಂದಾಜು ಎಂದು ಬರೆದು
ಮುಂದಿನ ಮನೆಗೆ ಹೋಗುತ್ತಿದ್ದೆವು.

ಬರೆದಳು, ಒಂದಕ್ಷರ ತಪ್ಪಾಗಿ.
"ಮುಂದಿನ ಮನೆ ಯಾವುದು?"
ಗ್ಯಾರೇಜಿನ ಹಿಂದೆ, ಗ್ಯಾಸ್ ಸಿಲಿಂಡರಿನ ಸಂದಿ. ರೆಡ್‌ಬ್ಯಾಕ್.
ಪೆನ್ಸಿಲ್ ಕೊಡು ಇಲ್ಲಿ.
ಅಲ್ಲಿಗೆ ಮೊದಲು ನಾನು.